ಆಕಾಶದಲ್ಲೊಬ್ಬ ಪತ್ತೇದಾರ!

ವಿಮಾನದಲ್ಲಿ ಓದೋಕೆ ಯಾವ ಕಾದಂಬರಿ ಒಳ್ಳೇದು ಅಂತೀರಾ? ಯಾವುದು ಬೇಡ ಅನ್ನೋದನ್ನ ಮೊದಲು ಕೇಳಿ. ಇದು ಅನುಭವಿಸಿದವನ ಮಾತು!

1986. ಬೊಂಬಾಯಿಯಲ್ಲಿದ್ದ ಅಣ್ಣನಿಗೆ ಅಪಘಾತವಾಗಿದೆ ಅಂತ ತಂತಿ ಬಂತು. 'ಕೂಡಲೇ ಹೊರಡಿ' ಅಂತಷ್ಟೇ ಇತ್ತು. ಜೀವ ಇದೆಯೋ ಇಲ್ಲವೋ ಒಂದು ಮಾತಿಲ್ಲ. ಅಮ್ಮ ಬಳೆ ಅಡವಿಟ್ಟು ಟಿಕೆಟ್ಟಿಗೆ ಹಣ ಹೊಂದಿಸಿದರು. ಅದುವರೆಗೆ ನಾನು ವಿಮಾನದ ಒಳಗನ್ನು ಕಂಡಿದ್ದು ಗಾಂಧಿನಗರದ ಥಿಯೇಟರುಗಳ ಪರದೆ ಮೇಲೆ ಮಾತ್ರ!

ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನಲ್ಲಿ ಎರಡು ಪುಸ್ತಕ ಕೊಂಡೆ. ಒಂದು ಆರ್ಥರ್ ಹೇಲಿಯ 'ಏರ್‌ಪೋರ್ಟ್'. 1968ರ ಈ ಕಾದಂಬರಿ 1970ರಲ್ಲಿ ಬರ್ಟ್ ಲ್ಯಾಂಕಾಸ್ಟರ್, ಡೀನ್ ಮಾರ್ಟಿನ್ ಅಭಿನಯದಲ್ಲಿ ಚಿತ್ರವಾಯಿತು. ಹೆಲೆನ್ ಹೇಯ್ಸ್‌ಗೆ ಆಸ್ಕರನ್ನೂ ತಂದುಕೊಟ್ಟಿತು. ಇನ್ನೊಂದು ನಮ್ಮ ಎನ್. ನರಸಿಂಹಯ್ಯನವರ ಪತ್ತೇದಾರಿ.

ಎಚ್‌ಎಎಲ್ ನಿಲ್ದಾಣದಿಂದ ವಿಮಾನ ಮೇಲೆದ್ದಿತು. (ದೇವನಹಳ್ಳಿ ನಿಲ್ದಾಣ ಶುರುವಾದದ್ದು 2008ರಲ್ಲಿ.) ಗತ್ತಿನಿಂದ ಹೇಲಿಯನ್ನೇ ತೆಗೆದೆ. ಹಿಮದ ಬಿರುಗಾಳಿ, ರನ್‌ವೇ ಬಂದ್, ಪ್ರಯಾಣಿಕನೊಬ್ಬನ ಪೆಟ್ಟಿಗೆಯಲ್ಲಿ ಬಾಂಬು! ಪಕ್ಕದ ಸೀಟಿನ ಯಜಮಾನರ ತೊಡೆ ಮೇಲೂ ಒಂದು ಪೆಟ್ಟಿಗೆ! ನನಗೆ ಬೆವರು ಕಿತ್ತುಕೊಂಡು ಬಂತು. ಅವರು ಮೆಲ್ಲಗೆ ಮುಚ್ಚಳ ತೆಗೆದರು... ಒಳಗೆ ಕೋಡುಬಳೆ! 'ತಗೋಳಪ್ಪಾ' ಅಂದರು.

ಹೇಲಿಯನ್ನು ಮುಚ್ಚಿಟ್ಟೆ. ನರಸಿಂಹಯ್ಯನವರನ್ನು ಬಿಚ್ಚಿದೆ. ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ಪುಣ್ಯಾತ್ಮರು! ಸಣ್ಣ ಸಣ್ಣ ವಾಕ್ಯ, ಕೈಯಲ್ಲಿ ಹಿಡಿಸುವ ಪುಸ್ತಕ. ಮೊದಲಲ್ಲೇ ಕೊಲೆ. ಆದರೂ ನನ್ನ ಎದೆ ತಣ್ಣಗಾಯಿತು. ಯಾಕೆ ಗೊತ್ತೇ? ಪತ್ತೇದಾರ ಪುರುಷೋತ್ತಮ ಬಂದ ಮೇಲೆ ಕೊನೆಗೆ ಎಲ್ಲಾ ಸರಿಹೋಗುತ್ತೆ ಅನ್ನೋ ಧೈರ್ಯ! ಆ ಹೊತ್ತು ನನಗೆ ಬೇಕಾಗಿದ್ದುದೂ ಅದೊಂದೇ.

ಅಂದಿನಿಂದ ನನ್ನ ಲೆಕ್ಕ ಇಷ್ಟೇ. ವಿಮಾನದ ಕಥೆ ವಿಮಾನದಲ್ಲಿ ಬೇಡ. ಪ್ರಯಾಣ ಚಿಕ್ಕದಾದರೆ ಪುಸ್ತಕವೂ ಚಿಕ್ಕದಿರಲಿ. ದೂರದ ಹಾದಿಗೆ ಆಗಲೇ ಸಿನಿಮಾ ನೋಡಿರುವ ಕಾದಂಬರಿ ಹಿಡಿಯಿರಿ. ನಡುವೆ ತೂಕಡಿಸಿದರೂ ಕಥೆ ಕೈತಪ್ಪೋದಿಲ್ಲ. ತ.ರಾ.ಸು. ಅವರ 'ನಾಗರಹಾವು' ತೆಗೆದುಕೊಳ್ಳಿ. 1972ರ ಪುಟ್ಟಣ್ಣನವರ ಚಿತ್ರ ನೋಡಿದವರಿಗೆ ಪುಟಪುಟದಲ್ಲೂ ವಿಷ್ಣುವರ್ಧನ್ ಮುಖ! ಚಿತ್ರಕ್ಕೆ ತ.ರಾ.ಸು. ಅವರ ಮೂರು ಕಾದಂಬರಿ ಸೇರಿವೆ, ಹಾಗಾಗಿ ಹೋಗೋಕೂ ಆಯಿತು, ಬರೋಕೂ ಆಯಿತು. ಉಷಾ ನವರತ್ನರಾಂ ಅವರ 'ಬಂಧನ' ಮಾತ್ರ ಮನೆಯಲ್ಲೇ ಓದಿ. ಪಕ್ಕದವರೆದುರು ಅಳೋದು ಚೆನ್ನಾಗಿರೋದಿಲ್ಲ!

ಬೊಂಬಾಯಿ ಬಂತು. ಹೇಲಿಯ ಹೆದರಿಕೆಯಲ್ಲಿ ಅರ್ಧ ಗಂಟೆ ಕಳೆದಿದ್ದೆನಲ್ಲ, ಕೊಲೆಗಾರ ಸಿಗುವ ಮೊದಲೇ ಚಕ್ರ ನೆಲ ಮುಟ್ಟಿತು. ಆಸ್ಪತ್ರೆಗೆ ಓಡಿದೆ. ಅಣ್ಣನ ಕಾಲಿಗೆ ದೊಡ್ಡ ಪಟ್ಟು, ಆದರೆ ಕಣ್ಣು ಬಿಟ್ಟಿದ್ದ! ನನ್ನ ಕೈ ನೋಡಿ, 'ಯಾವ ಪುಸ್ತಕಾನೋ ಅದು?' ಅಂದ.

ಮಾತಾಡೋಕಾಗದೆ ಪುಸ್ತಕ ಕೊಟ್ಟೆ. ಬೆಳಗಾಗುವಷ್ಟರಲ್ಲಿ ಅವನು ಮುಗಿಸಿದ್ದ. ಕೊಲೆಗಾರ ಯಾರು ಅಂತ ನನಗೆ ಹೇಳಿದವನೂ ಅವನೇ!