ಕರೆಯದೆ ಬಂದು ಕೂತ ಸಾಫ್ಟ್‌ವೇರ್‌ಗಳು

ನಮ್ಮ ಕಂಪ್ಯೂಟರ್ ಲ್ಯಾಬಿನಲ್ಲಿ ಅತಿ ಹೆಚ್ಚು ಕೇಳಿಬರುವ ಮಾತು “ಸರ್, ಸಿಸ್ಟಮ್ ಹ್ಯಾಂಗ್ ಆಯ್ತು”. ಅದರ ಬೆನ್ನಿಗೇ ಬರುವುದು “ಇದು ಹಳೇದಾಯ್ತು ಸರ್, ಹೊಸದು ತರಿಸಿ”. ಲ್ಯಾಬಿನ ಉಸ್ತುವಾರಿ ನನ್ನದಾದ್ದರಿಂದ ಎರಡೂ ನನ್ನ ಕಿವಿಗೇ ಬೀಳುತ್ತವೆ. ನಮ್ಮ ಕಂಪ್ಯೂಟರುಗಳು ಹಳೆಯವು ಎಂಬುದರಲ್ಲಿ ತಕರಾರಿಲ್ಲ. 4 ಜಿಬಿ ರ‍್ಯಾಮ್, ಒಳಗೆ ತಿರುಗುವ ಹಾರ್ಡ್‌ಡಿಸ್ಕ್. ಆದರೆ ಒಂದೇ ದಿನ ಖರೀದಿಸಿದ ಎರಡು ಕಂಪ್ಯೂಟರುಗಳು ಅಕ್ಕಪಕ್ಕದಲ್ಲಿದ್ದು, ಒಂದು ಎರಡು ನಿಮಿಷದಲ್ಲಿ ಕೆಲಸಕ್ಕೆ ಸಿದ್ಧವಾಗಿ ಇನ್ನೊಂದು ಆರೇಳು ನಿಮಿಷ ಕಾಯಿಸಿದರೆ ಬರೀ ವಯಸ್ಸನ್ನು ದೂರಿ ಪ್ರಯೋಜನವಿಲ್ಲ.

ಪ್ರಾಕ್ಟಿಕಲ್ ತರಗತಿಯಲ್ಲಿ ಐದು ನಿಮಿಷ ಹೋದರೆ ಹೋಯಿತು ಅನ್ನಬಹುದು. ವಿದ್ಯಾರ್ಥಿವೇತನದ ಅರ್ಜಿ, ಸಿಇಟಿ ಅರ್ಜಿ ತುಂಬುವ ದಿನಗಳಲ್ಲಿ ಹಾಗನ್ನುವಂತಿಲ್ಲ. ಸೈಬರ್‌ಗೆ ಕೊಡುವ ದುಡ್ಡು ಉಳಿಯಲಿ ಎಂದು ಎಷ್ಟೋ ಮಕ್ಕಳು ಲ್ಯಾಬಿಗೇ ಬರುತ್ತಾರೆ. ಲಾಗಿನ್ ಆಗಿ, ಒಟಿಪಿ ಹಾಕಿ, ಅಂಕಪಟ್ಟಿ ಅಪ್‌ಲೋಡ್ ಮಾಡುವಷ್ಟರಲ್ಲಿ ಪುಟದ ಅವಧಿಯೇ ಮುಗಿದು, ಮತ್ತೆ ಮೊದಲಿನಿಂದ ಶುರು. ಕೊನೆಯ ದಿನಾಂಕದ ಸಂಜೆ ನಾಲ್ಕು ಗಂಟೆಗೆ ಹೀಗಾದರೆ ಮಗುವಿನ ಮುಖ ನೋಡಲಾಗುವುದಿಲ್ಲ. ಎಲ್ಲರೂ ಸರ್ವರ್‌ಗೆ ಬೈಯುತ್ತಾರೆ. ಹಲವು ಸಲ ಸರ್ವರ್‌ದೇ ತಪ್ಪಿರುತ್ತದೆ. ಕೆಲವು ಸಲ ಮಾತ್ರ ತಪ್ಪು ನಮ್ಮ ಮೇಜಿನ ಮೇಲೇ ಇರುತ್ತದೆ.

ಆ ನಿಧಾನದ ಕಂಪ್ಯೂಟರಿನಲ್ಲಿ ಒಂದು ದಿನ ದ್ವಿತೀಯ ಪಿಯು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು, ಯಾವ ಪ್ರೋಗ್ರಾಮನ್ನೂ ತೆರೆಯದೆ, ಒಳಗೆ ಏನೇನು ನಡೆಯುತ್ತಿದೆ ಎಂದು ಪಟ್ಟಿ ಮಾಡಿದೆ. ಪ್ರಿಂಟರಿನಲ್ಲಿ ಶಾಯಿ ಎಷ್ಟಿದೆ ಎಂದು ನೋಡುತ್ತಿರುವ ಸಾಫ್ಟ್‌ವೇರ್ ಒಂದು. ಆ ಪ್ರಿಂಟರ್ ಗುಜರಿಗೆ ಹೋಗಿ ಎಷ್ಟೋ ಕಾಲವಾಗಿತ್ತು. ಸ್ಕ್ಯಾನರಿನ ಗುಂಡಿ ಯಾರಾದರೂ ಒತ್ತುತ್ತಾರೋ ಎಂದು ಕಾಯುವುದು ಇನ್ನೊಂದು. ಪಿಡಿಎಫ್ ಓದುವ ಸಾಫ್ಟ್‌ವೇರಿಗೆ ಹೊಸ ಆವೃತ್ತಿ ಬಂತೇ ಎಂದು ವಿಚಾರಿಸುವುದು ಮತ್ತೊಂದು. ಡಿವಿಡಿ ಬರೆಯುವ ಸಾಫ್ಟ್‌ವೇರ್ ಇತ್ತು, ಡಿವಿಡಿ ಡ್ರೈವ್ ಮಾತ್ರ ತೆರೆಯುತ್ತಲೇ ಇರಲಿಲ್ಲ. ಯಾರದೋ ಮೊಬೈಲನ್ನು ಯಾವಾಗಲೋ ಜೋಡಿಸಿದಾಗ ಬಂದು ನೆಲೆಸಿದ್ದು, ಕೊರೊನಾ ಕಾಲದ ಆನ್‌ಲೈನ್ ತರಗತಿಗೆಂದು ಹಾಕಿದ ಮೀಟಿಂಗ್ ಸಾಫ್ಟ್‌ವೇರ್, ಕಂಪ್ಯೂಟರ್ ಕಂಪನಿಯೇ ತುಂಬಿ ಕಳಿಸಿದ ‘ಸಹಾಯಕ’. ಎಲ್ಲಕ್ಕಿಂತ ತಮಾಷೆಯದು ಕಂಪ್ಯೂಟರನ್ನು ವೇಗ ಮಾಡುತ್ತೇನೆಂದು ಸದಾ ಓಡುತ್ತಲೇ ಇದ್ದ ಒಂದು ಕ್ಲೀನರ್. ಮಕ್ಕಳು ನಕ್ಕದ್ದೇ ನಕ್ಕದ್ದು.

ಇವುಗಳಲ್ಲಿ ಒಂದನ್ನೂ ಆ ವಾರ ಯಾರೂ ಬಳಸಿರಲಿಲ್ಲ. ಹಾಗಿದ್ದರೆ ಇವು ಒಳಗೆ ಬಂದದ್ದು ಹೇಗೆ? ನಾವೇ ಕರೆತಂದದ್ದು. ಸಾಫ್ಟ್‌ವೇರ್ ಹಾಕುವಾಗ ‘ನೆಕ್ಸ್ಟ್, ನೆಕ್ಸ್ಟ್’ ಎಂದು ಒತ್ತುತ್ತಾ ಹೋಗುತ್ತೇವೆ. ‘ಕಂಪ್ಯೂಟರ್ ಆನ್ ಆದಾಗಲೇ ಇದೂ ಶುರುವಾಗಲಿ’ ಎಂಬ ಚೌಕದಲ್ಲಿ ಅವರೇ ಟಿಕ್ ಹಾಕಿಟ್ಟಿರುತ್ತಾರೆ. ಇನ್ನೊಂದು ಸಂಗತಿ: ಮೇಲಿನ ಮೂಲೆಯ ಇಂಟು ಗುರುತು ಒತ್ತಿದರೆ ಎಲ್ಲ ಸಾಫ್ಟ್‌ವೇರ್‌ಗಳೂ ಮುಚ್ಚುವುದಿಲ್ಲ. ಕೆಲವು ಕಿಟಕಿಯನ್ನು ಮಾತ್ರ ಮರೆಮಾಡಿ, ಗಡಿಯಾರದ ಪಕ್ಕದ ಸಣ್ಣ ಬಾಣದ ಹಿಂದೆ ಹೋಗಿ ಕೂರುತ್ತವೆ. ಅಲ್ಲಿ ಅದರ ಚಿತ್ರದ ಮೇಲೆ ಬಲ ಕ್ಲಿಕ್ ಮಾಡಿ ‘ಎಕ್ಸಿಟ್’ ಅಥವಾ ‘ಕ್ವಿಟ್’ ಎಂದರೆ ಮಾತ್ರ ನಿಜವಾಗಿ ಹೊರಡುತ್ತವೆ. ಕ್ರೋಮ್ ಮತ್ತು ಎಡ್ಜ್ ಬ್ರೌಸರುಗಳಲ್ಲೂ ಹೀಗೊಂದು ಆಯ್ಕೆಯಿದೆ. ಸೆಟ್ಟಿಂಗ್ಸ್‌ನ ‘ಸಿಸ್ಟಮ್’ ಭಾಗಕ್ಕೆ ಹೋಗಿ ನೋಡಿ. ಬ್ರೌಸರ್ ಮುಚ್ಚಿದ ಮೇಲೂ ಹಿನ್ನೆಲೆಯ ಕೆಲಸ ಮುಂದುವರಿಯಲಿ ಎಂಬ ಗುಂಡಿ ಆನ್ ಆಗಿದ್ದರೆ ಆಫ್ ಮಾಡಬಹುದು.

ಸುಮ್ಮನೆ ಕೂತಿರುವುದರಿಂದ ಏನು ನಷ್ಟ ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ಒಳ್ಳೆಯ ಪ್ರಶ್ನೆ. ನಮ್ಮ ಗ್ರಂಥಾಲಯದ ಓದುವ ಮೇಜನ್ನು ನೆನಪಿಸಿಕೊಳ್ಳಿ. ಮೇಜು ರ‍್ಯಾಮ್, ಕಪಾಟು ಹಾರ್ಡ್‌ಡಿಸ್ಕ್. ಬೇಕಾದ ಪುಸ್ತಕ ಮೇಜಿನ ಮೇಲೆ ತೆರೆದಿದ್ದರೆ ಕೈಚಾಚಿದರೆ ಸಿಗುತ್ತದೆ. ಮೇಜಿನ ಅರ್ಧ ಭಾಗವನ್ನು ಯಾರೂ ಓದದ ಪುಸ್ತಕಗಳು ಹಿಡಿದುಕೊಂಡಿದ್ದರೆ, ಹೊಸದೊಂದನ್ನು ತೆರೆಯಲು ಹಳೆಯದೊಂದನ್ನು ಕಪಾಟಿಗೆ ಇಟ್ಟು ಬರಬೇಕು. ಅದು ಮತ್ತೆ ಬೇಕಾದಾಗ ಇನ್ನೊಂದು ಸಲ ಎದ್ದು ಹೋಗಬೇಕು. ಈ ಓಡಾಟಕ್ಕೆ ‘ಪೇಜಿಂಗ್’ ಎನ್ನುತ್ತಾರೆ. ರ‍್ಯಾಮ್‌ನಿಂದ ಒಂದು ಮಾಹಿತಿ ತರಲು ನೂರು ನ್ಯಾನೊಸೆಕೆಂಡಿನ ಆಸುಪಾಸು ಸಾಕು. ತಿರುಗುವ ಡಿಸ್ಕಿನಲ್ಲಿ ಸರಿಯಾದ ಜಾಗ ಹುಡುಕಲು ಹತ್ತು ಮಿಲಿಸೆಕೆಂಡಿನ ಆಸುಪಾಸು ಬೇಕು. ಭಾಗಿಸಿ ನೋಡಿ, ಸುಮಾರು ಒಂದು ಲಕ್ಷ ಪಟ್ಟು. ‘ಹ್ಯಾಂಗ್’ ಎಂದು ನೀವು ಕರೆಯುವುದರಲ್ಲಿ ಬಹುಪಾಲು ಈ ಓಡಾಟವೇ. ಆನ್ ಮಾಡಿದ ಕೂಡಲೇ ಇನ್ನೂ ಕಷ್ಟ, ಏಕೆಂದರೆ ಹತ್ತು ಸಾಫ್ಟ್‌ವೇರ್‌ಗಳು ಒಂದೇ ಡಿಸ್ಕನ್ನು ಒಟ್ಟಿಗೆ ಎಳೆದಾಡುತ್ತವೆ.

ಹಾಗೆಂದು ರ‍್ಯಾಮ್ ಅರ್ಧಕ್ಕಿಂತ ಹೆಚ್ಚು ತುಂಬಿದೆ ಎಂದ ಮಾತ್ರಕ್ಕೆ ಗಾಬರಿಯಾಗಬೇಡಿ. ಖಾಲಿ ಬಿದ್ದಿರುವ ರ‍್ಯಾಮನ್ನು ವಿಂಡೋಸ್ ತಾನಾಗಿಯೇ ಉಪಯೋಗಕ್ಕೆ ಹಚ್ಚುತ್ತದೆ. ತುಂಬಿ ತುಳುಕಿ ಡಿಸ್ಕಿನ ಬಾಗಿಲು ತಟ್ಟತೊಡಗಿದಾಗಲೇ ತೊಂದರೆ.

ಇನ್ನು ಯಾವುದನ್ನು ತೆಗೆಯಬೇಕು, ಯಾವುದನ್ನು ಬಿಡಬೇಕು? ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ನಾನು ಕರೆಯುವ ಮೊದಲೇ ಇದು ಎಚ್ಚರವಾಗಿರಬೇಕೇ? ನಮ್ಮ ಆಫೀಸಿನ ಕಂಪ್ಯೂಟರಿನಲ್ಲಿ ನಮಾಝ್ ವೇಳೆ ತಿಳಿಸುವ ಸಣ್ಣ ಸಾಫ್ಟ್‌ವೇರ್ ಇದೆ. ದಿನದ ಹೆಚ್ಚಿನ ಹೊತ್ತು ಅದು ಏನೂ ಮಾಡುವುದಿಲ್ಲ, ಸಮಯವಾದಾಗ ಅಝಾನ್ ಕೇಳಿಸುತ್ತದೆ. ಕಾಯುವುದೇ ಅದರ ಕೆಲಸ. ನಾವೇ ತೆರೆದು ನೋಡಬೇಕು ಎಂದಾದರೆ ಗೋಡೆಯ ಕ್ಯಾಲೆಂಡರ್ ಸಾಕಿತ್ತು. ಆ್ಯಂಟಿವೈರಸ್ ಕೂಡ ಇದೇ ಜಾತಿ, ವಿಂಡೋಸ್ ಅಪ್‌ಡೇಟ್ ಕೂಡ. ಅವನ್ನು ಮುಟ್ಟಬಾರದು. ಪ್ರಿಂಟರಿನ ಶಾಯಿ ಅಳೆಯುವುದಕ್ಕೆ ಈ ಮರ್ಯಾದೆ ಬೇಕಿಲ್ಲ. ಪ್ರಿಂಟ್ ತೆಗೆಯುವಾಗ ನೋಡಿಕೊಂಡರಾಯಿತು.

ಉತ್ತರ ಕೋಣೆಯಿಂದ ಕೋಣೆಗೆ ಬದಲಾಗುವುದೂ ಉಂಟು. ನುಡಿ ಅಥವಾ ಬರಹ ತಂತ್ರಾಂಶ ಆಫೀಸಿನಲ್ಲಿ ದಿನವೂ ಬೇಕು, ಪತ್ರಗಳೆಲ್ಲ ಅದರಲ್ಲೇ. ಆದ್ದರಿಂದ ಅಲ್ಲಿ ಅದು ತಾನಾಗಿ ಶುರುವಾಗಲಿ. ಲ್ಯಾಬಿನಲ್ಲಿ ಅದು ನೆನಪಾಗುವುದು ರಾಜ್ಯೋತ್ಸವದ ಭಿತ್ತಿಪತ್ರಿಕೆ ಮಾಡುವಾಗ. ಆಗ ಐಕಾನ್ ಮೇಲೆ ಎರಡು ಸಲ ಕ್ಲಿಕ್ ಮಾಡಿ ತೆರೆದುಕೊಂಡರೆ ಸಾಕು. ತೆಗೆದುಹಾಕುವ ಅಗತ್ಯವಿಲ್ಲ, ಬೆಳಗಾದ ಕೂಡಲೇ ಎಬ್ಬಿಸುವ ಅಗತ್ಯವೂ ಇಲ್ಲ.

ಮಾಡುವ ವಿಧಾನ ಸುಲಭ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ವಿಂಡೋಸ್ 10ರಲ್ಲಿ ‘ಸ್ಟಾರ್ಟಪ್’, 11ರಲ್ಲಿ ‘ಸ್ಟಾರ್ಟಪ್ ಆ್ಯಪ್ಸ್’ ಎಂಬ ಭಾಗ ಸಿಗುತ್ತದೆ. ಪ್ರತಿ ಸಾಫ್ಟ್‌ವೇರ್ ಎದುರು ಅದನ್ನು ತಯಾರಿಸಿದವರ ಹೆಸರು ಮತ್ತು ‘ಸ್ಟಾರ್ಟಪ್ ಇಂಪ್ಯಾಕ್ಟ್’ ಎಂಬ ಕಾಲಂ ಇರುತ್ತದೆ. ಅಲ್ಲಿ ‘ಹೈ’ ಎಂದಿದ್ದರೆ, ಆನ್ ಆಗುವಾಗ ಅದೊಂದೇ ಪ್ರೊಸೆಸರಿನ ಒಂದು ಸೆಕೆಂಡಿಗಿಂತ ಹೆಚ್ಚು ಸಮಯವನ್ನು ಅಥವಾ ಡಿಸ್ಕಿನಿಂದ 3 ಎಂಬಿಗಿಂತ ಹೆಚ್ಚು ಓದು–ಬರಹವನ್ನು ಬಳಸುತ್ತಿದೆ ಎಂದರ್ಥ. ಬೇಡದ್ದರ ಮೇಲೆ ಬಲ ಕ್ಲಿಕ್ ಮಾಡಿ ‘ಡಿಸೇಬಲ್’ ಒತ್ತಿ. ಇದರಿಂದ ಸಾಫ್ಟ್‌ವೇರ್ ಅಳಿಸಿಹೋಗುವುದಿಲ್ಲ, ತಾನಾಗಿ ಏಳುವುದು ಮಾತ್ರ ನಿಲ್ಲುತ್ತದೆ. ಮನಸ್ಸು ಬದಲಾದರೆ ಅಲ್ಲೇ ‘ಎನೇಬಲ್’ ಇದೆ. ಹೀಗಾಗಿ ಇಲ್ಲಿ ಹೆದರದೆ ಪ್ರಯೋಗ ಮಾಡಬಹುದು. ಒಂದೇ ಏಟಿಗೆ ಹತ್ತನ್ನು ನಿಲ್ಲಿಸುವ ಬದಲು ಎರಡೋ ಮೂರೋ ನಿಲ್ಲಿಸಿ, ರೀಸ್ಟಾರ್ಟ್ ಮಾಡಿ, ಎರಡು ದಿನ ಬಳಸಿ ನೋಡಿ. ಏನಾದರೂ ಕೈಕೊಟ್ಟರೆ ಯಾವುದರಿಂದ ಎಂದು ಆಗ ತಿಳಿಯುತ್ತದೆ. ಒಂದು ವರ್ಷದಿಂದ ಮುಟ್ಟದೇ ಇದ್ದದ್ದು ಕಂಡರೆ ನಿಲ್ಲಿಸುವ ಚೌಕಾಸಿ ಏಕೆ, ಅನ್‌ಇನ್‌ಸ್ಟಾಲ್ ಮಾಡಿಬಿಡಿ.

ಕೆಲವು ಸಾಫ್ಟ್‌ವೇರ್‌ಗಳು ಈ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. ಅವು ‘ಸರ್ವಿಸ್’ ರೂಪದಲ್ಲಿ ನಡೆಯುತ್ತವೆ. ಸ್ಟಾರ್ಟ್ ಮೆನುವಿನಲ್ಲಿ ‘ಸಿಸ್ಟಮ್ ಕಾನ್ಫಿಗರೇಶನ್’ ಎಂದು ಹುಡುಕಿ, ‘ಸರ್ವಿಸಸ್’ ಭಾಗಕ್ಕೆ ಹೋಗಿ. ಅಲ್ಲಿ ಕೆಳಗೆ ಮೈಕ್ರೋಸಾಫ್ಟ್ ಸರ್ವಿಸ್‌ಗಳನ್ನೆಲ್ಲ ಮರೆಮಾಡುವ ಚೌಕವಿದೆ. ಮೊದಲು ಅದಕ್ಕೆ ಟಿಕ್ ಹಾಕಿ, ಆಮೇಲೆ ಉಳಿದ ಮಾತು. ಅದನ್ನು ಹಾಕದೆ ಸಿಕ್ಕಿದ್ದನ್ನೆಲ್ಲ ನಿಲ್ಲಿಸಿದರೆ ವಿಂಡೋಸ್‌ಗೆ ಬೇಕಾದವೂ ನಿಂತುಹೋಗಿ, ನೀವು ಕಂಪ್ಯೂಟರನ್ನು ಹೊತ್ತುಕೊಂಡು ನನ್ನ ಬಳಿ ಬರಬೇಕಾಗುತ್ತದೆ. ಟಿಕ್ ಹಾಕಿದ ಮೇಲೆ ಉಳಿಯುವುದು ಹೊರಗಿನ ಕಂಪನಿಗಳವು. ಹೆಸರು ಗೊತ್ತಿದ್ದು, ಬೇಡ ಎಂದು ಖಾತ್ರಿಯಿದ್ದರೆ ಮಾತ್ರ ಟಿಕ್ ತೆಗೆಯಿರಿ. ಗೊತ್ತಿಲ್ಲದ ಹೆಸರನ್ನು ಹಾಗೇ ಬಿಡಿ.

ವೇಗಕ್ಕಿಂತ ಮುಖ್ಯವಾದ ಇನ್ನೊಂದು ಕಾರಣವೂ ಇದೆ. ಹಿನ್ನೆಲೆಯಲ್ಲಿ ನಡೆಯುವ ಪ್ರತಿಯೊಂದು ಸಾಫ್ಟ್‌ವೇರೂ ಒಂದು ಬಾಗಿಲು. ಪ್ರಿಂಟ್ ಕೆಲಸಗಳನ್ನು ಸಾಲಿನಲ್ಲಿ ನಿಲ್ಲಿಸಿ ಪ್ರಿಂಟರಿಗೆ ಕಳಿಸುವ ‘ಪ್ರಿಂಟ್ ಸ್ಪೂಲರ್’ ವಿಂಡೋಸ್‌ನಲ್ಲಿ ತಾನಾಗಿಯೇ ಆನ್ ಆಗಿರುತ್ತದೆ, ಪ್ರಿಂಟರ್ ಇರಲಿ ಇಲ್ಲದಿರಲಿ. 2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶ ಇರಾನಿನ ನತಾಂಝ್ ಅಣು ಘಟಕದ ಸೆಂಟ್ರಿಫ್ಯೂಜ್‌ಗಳನ್ನು ಕೆಡಿಸಲು ತಯಾರಾದದ್ದು. ಅದು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹರಡಲು ಬಳಸಿಕೊಂಡ ದಾರಿಗಳಲ್ಲಿ ಈ ಸ್ಪೂಲರಿನ ದೋಷವೂ ಒಂದು. 2021ರ ಜುಲೈಯಲ್ಲಿ ಅದೇ ಸ್ಪೂಲರಿನಲ್ಲಿ ಇನ್ನೊಂದು ದೋಷ ಬಯಲಾಯಿತು. ‘ಪ್ರಿಂಟ್‌ನೈಟ್‌ಮೇರ್’ ಎಂಬ ಹೆಸರು ಬಂತು. ದೂರದಲ್ಲಿ ಕೂತು ಕಂಪ್ಯೂಟರಿನ ಪೂರ್ಣ ಅಧಿಕಾರ ಪಡೆಯಲು ಅದು ಅವಕಾಶ ಕೊಡುತ್ತಿತ್ತು. ಸರಿಪಡಿಸುವ ಅಪ್‌ಡೇಟ್ ಬರುವವರೆಗೆ ಮೈಕ್ರೋಸಾಫ್ಟ್ ಸೂಚಿಸಿದ ಉಪಾಯಗಳಲ್ಲಿ ಒಂದು ಬಹಳ ಸರಳ: ಸ್ಪೂಲರನ್ನೇ ನಿಲ್ಲಿಸಿ. ಬೆಂಬಲ ಮುಗಿದಿದ್ದ ವಿಂಡೋಸ್ 7ಕ್ಕೂ ಆಗ ಅಪ್‌ಡೇಟ್ ಕೊಟ್ಟರು ಎಂದರೆ ಗಂಭೀರತೆ ಅರ್ಥವಾದೀತು.

ಹಾಗಾದರೆ ಲ್ಯಾಬಿನಲ್ಲಿ ಸ್ಪೂಲರ್ ನಿಲ್ಲಿಸಿದ್ದೀರಾ ಎಂದು ಕೇಳಬಹುದು. ಇಲ್ಲ. ಅರ್ಜಿ ತುಂಬಿದ ಮೇಲೆ ನೀವು ‘ಪ್ರಿಂಟ್’ ಒತ್ತಿ ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಆಯ್ದು ಪ್ರತಿ ಉಳಿಸಿಕೊಳ್ಳುತ್ತೀರಲ್ಲ, ಅದಕ್ಕೂ ಸ್ಪೂಲರೇ ಬೇಕು. ಆದ್ದರಿಂದ ಅದನ್ನು ಉಳಿಸಿ, ಅಪ್‌ಡೇಟ್ ತಪ್ಪದಂತೆ ನೋಡಿಕೊಳ್ಳುತ್ತಿದ್ದೇನೆ. ಮನೆಯಲ್ಲಿ ಪ್ರಿಂಟರ್ ಇಲ್ಲ, ಪಿಡಿಎಫ್ ಕೂಡ ಹೀಗೆ ಮಾಡುವುದಿಲ್ಲ ಎನ್ನುವವರು ಅದನ್ನು ನಿಲ್ಲಿಸಿದರೆ ಅಡ್ಡಿಯಿಲ್ಲ.

ಕ್ಲೀನರ್‌ಗಳ ಬಗ್ಗೆ ಮಾತ್ರ ನನಗೆ ಕನಿಕರವಿಲ್ಲ. 2017ರಲ್ಲಿ ಸಿಕ್ಲೀನರ್ ಎಂಬ ಹೆಸರಾಂತ ಸಾಫ್ಟ್‌ವೇರಿನ 5.33ನೇ ಆವೃತ್ತಿಯೊಳಗೆ ದಾಳಿಕೋರರು ತಮ್ಮ ಕೋಡ್ ಸೇರಿಸಿಬಿಟ್ಟಿದ್ದರು. ಕಂಪನಿಯ ಅಧಿಕೃತ ಜಾಲತಾಣದಿಂದಲೇ ಇಳಿಸಿಕೊಂಡ 22 ಲಕ್ಷಕ್ಕೂ ಹೆಚ್ಚು ಬಳಕೆದಾರರ ಬಳಿ ಆ ಆವೃತ್ತಿ ಇತ್ತು. ತಿಂಗಳಿಗೊಮ್ಮೆ ಕಸ ಗುಡಿಸಲು ವಿಂಡೋಸ್‌ನಲ್ಲೇ ‘ಡಿಸ್ಕ್ ಕ್ಲೀನಪ್’ ಇದೆ. ಅದಕ್ಕಾಗಿ ಮತ್ತೊಬ್ಬರನ್ನು ಮನೆಯಲ್ಲೇ ಇರಿಸಿಕೊಳ್ಳಬೇಕಿಲ್ಲ.

ಕಾಲೇಜಿಗೆ ಮೊಬೈಲ್ ತರುವಂತಿಲ್ಲ, ಹಾಗಾಗಿ ಇದು ಮನೆಯಲ್ಲಿರುವ ಮೊಬೈಲಿನ ವಿಷಯ. ತೆರೆದ ಆ್ಯಪ್‌ಗಳನ್ನೆಲ್ಲ ಬೆರಳಿನಿಂದ ಮೇಲಕ್ಕೆ ತಳ್ಳಿ ‘ಕ್ಲಿಯರ್ ಆಲ್’ ಮಾಡುವುದು ನಮ್ಮಲ್ಲಿ ಅನೇಕರಿಗೆ ಚಟವೇ ಆಗಿದೆ. ದಿನವೂ ಬಳಸುವ ಆ್ಯಪ್‌ಗೆ ಇದರಿಂದ ಲಾಭವಿಲ್ಲ, ಮತ್ತೆ ತೆರೆದಾಗ ಮೊದಲಿನಿಂದ ಲೋಡ್ ಆಗಬೇಕು, ಬ್ಯಾಟರಿ ಇನ್ನಷ್ಟು ಖರ್ಚು. ಅಪರೂಪಕ್ಕೆ ಬಳಸುವ ಆ್ಯಪ್‌ಗೆ ಸರಿಯಾದ ದಾರಿ ಬೇರೆ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಹೆಸರು ತೆರೆದು, ಬ್ಯಾಟರಿ ಎಂಬಲ್ಲಿ ‘ರಿಸ್ಟ್ರಿಕ್ಟೆಡ್’ ಆಯ್ದುಕೊಳ್ಳಿ. ಒಂದೊಂದು ಕಂಪನಿಯ ಮೊಬೈಲಿನಲ್ಲಿ ಹೆಸರು ಸ್ವಲ್ಪ ಬೇರೆ ಇರುತ್ತದೆ. ಅಳಿಸಲು ಬಾರದ, ಕಂಪನಿಯೇ ಹಾಕಿ ಕಳಿಸಿದ ಎಷ್ಟೋ ಆ್ಯಪ್‌ಗಳಿಗೆ ‘ಡಿಸೇಬಲ್’ ಗುಂಡಿ ಇದೆ. ವಾಟ್ಸ್‌ಆ್ಯಪ್‌ಗೆ ಮಾತ್ರ ಹೀಗೆ ಮಾಡಬೇಡಿ. ತರಗತಿಯ ಗುಂಪಿನ ಸಂದೇಶ ತಡವಾಗಿ ತಲುಪಿ, ‘ನನಗೆ ಗೊತ್ತೇ ಆಗಲಿಲ್ಲ ಸರ್’ ಎಂಬ ನೆಪಕ್ಕೆ ದಾರಿಯಾಗುತ್ತದೆ.

ಆಡಳಿತ ಮಂಡಳಿಯವರೂ ಈ ಪತ್ರಿಕೆ ಓದುತ್ತಾರಾದ್ದರಿಂದ ಒಂದು ಮಾತು. ಹಿನ್ನೆಲೆಯ ಸಾಫ್ಟ್‌ವೇರ್ ನಿಲ್ಲಿಸಿದರೆ ಹಳೆಯ ಕಂಪ್ಯೂಟರ್ ಹೊಸದಾಗುವುದಿಲ್ಲ. ಕಳೆದುಕೊಂಡಿದ್ದ ವೇಗ ವಾಪಸ್ ಬರುತ್ತದೆ, ಅಷ್ಟೇ. ತಿರುಗುವ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿದರೆ ಸಿಗುವ ವ್ಯತ್ಯಾಸ ಇದಕ್ಕಿಂತ ದೊಡ್ಡದು, ಖರ್ಚು ಹೊಸ ಕಂಪ್ಯೂಟರಿಗಿಂತ ಬಹಳ ಕಡಿಮೆ. ಅದಾಗುವವರೆಗೆ ಲ್ಯಾಬಿನ ಎಲ್ಲ ಕಂಪ್ಯೂಟರುಗಳಲ್ಲೂ ಮೇಲೆ ಹೇಳಿದ ಕೆಲಸ ಸಾಗುತ್ತಿದೆ. ಈಗಾಗಲೇ ಮುಗಿದವುಗಳ ಮಾನಿಟರಿಗೆ ಹಸಿರು ಚೀಟಿ ಅಂಟಿಸಿದ್ದೇನೆ. ಅರ್ಜಿ ತುಂಬಲು ಬರುವವರು ಅವುಗಳ ಮುಂದೆಯೇ ಕೂರಿ. ಗಲ್ಫ್‌ನಿಂದ ಅಣ್ಣ ತಂದುಕೊಟ್ಟ ಹಳೆಯ ಲ್ಯಾಪ್‌ಟಾಪ್ ಮನೆಯಲ್ಲಿ ನಿಧಾನವಾಗಿದೆ ಎನ್ನುವವರು ಪ್ರಾಂಶುಪಾಲರ ಅನುಮತಿ ಪಡೆದು ಶನಿವಾರ ತರಗತಿ ಮುಗಿದ ಮೇಲೆ ತನ್ನಿ, ಜೊತೆಯಲ್ಲಿ ಕೂತು ನೋಡೋಣ. ಚಾರ್ಜರ್ ಮರೆಯಬೇಡಿ, ಅಣ್ಣನನ್ನು ಒಂದು ಮಾತು ಕೇಳಿಯೇ ತನ್ನಿ.