ವಿಶ್ವವಿದ್ಯಾಲಯದ ಅಂಗಳದಲ್ಲಿ ಸಂಗೀತ

ಸಂಗೀತವನ್ನು ವಿಶ್ವವಿದ್ಯಾಲಯದಲ್ಲಿ ಕಲಿಸಲು ಸಾಧ್ಯವೆ? ಈ ಪ್ರಶ್ನೆಗೆ ಎರಡು ಬಗೆಯ ಉತ್ತರಗಳು ಕೇಳಿಬರುತ್ತವೆ. ಗುರುವಿನ ಎದುರಿನಲ್ಲಿ ವರ್ಷಗಟ್ಟಲೆ ಕುಳಿತು ಪಡೆಯಬೇಕಾದ ವಿದ್ಯೆಯನ್ನು ಗಂಟೆ ಬಾರಿಸಿ, ಹಾಜರಿ ಕರೆದು, ಅಂಕ ಕೊಟ್ಟು ಕಲಿಸಲಾಗದೆಂದು ಹಿರಿಯ ರಸಿಕರು ಹೇಳುತ್ತಾರೆ. ಇತಿಹಾಸಕ್ಕೂ ಅರ್ಥಶಾಸ್ತ್ರಕ್ಕೂ ಇರುವ ಸ್ಥಾನ ಸಂಗೀತಕ್ಕೇಕೆ ಬೇಡವೆಂದು ಮತ್ತೆ ಕೆಲವರು ಕೇಳುತ್ತಾರೆ. ಎರಡರಲ್ಲಿಯೂ ಸತ್ಯಾಂಶವಿದೆ. ಆದರೆ ನಮ್ಮಂತಹ ಗ್ರಾಮಾಂತರದ ವಿದ್ಯಾರ್ಥಿಗಳಿಗೆ ಇವೆರಡಕ್ಕಿಂತಲೂ ಮುಖ್ಯವಾದ ಮೂರನೆಯ ಪ್ರಶ್ನೆಯೊಂದಿದೆ: ಆ ವಿದ್ಯೆಯ ಬಾಗಿಲು ಯಾರಿಗೆ ತೆರೆದಿದೆ? ಈ ದೃಷ್ಟಿಯಿಂದ ನಾನು ಓದಿ ಕೇಳಿ ತಿಳಿದಷ್ಟನ್ನು ಇಲ್ಲಿ ನಿವೇದಿಸಲು ಯತ್ನಿಸಿದ್ದೇನೆ.

ಹಿಂದೆ ಸಂಗೀತವು ಅರಮನೆ, ದೇವಾಲಯ, ಗುರುಗೃಹಗಳ ಆಶ್ರಯದಲ್ಲಿ ಬೆಳೆಯಿತು. ವೀಣೆ ಶೇಷಣ್ಣನವರು, ವಾಸುದೇವಾಚಾರ್ಯರು ಮೊದಲಾದ ಮಹನೀಯರಿಗೆ ಮೈಸೂರಿನ ಆಸ್ಥಾನವೇ ಆಧಾರವಾಗಿದ್ದಿತು. ಅಂತಹ ವಿದ್ವಾಂಸರ ಬಳಿ ಕಲಿಯಬೇಕಾದರೆ ಶಿಷ್ಯನು ಸಂಗೀತಗಾರರ ಮನೆತನದಲ್ಲಿ ಹುಟ್ಟಿರಬೇಕು, ಇಲ್ಲವೆ ಪರಿಚಯಸ್ಥರು ಕೈಹಿಡಿದು ಕರೆದೊಯ್ಯಬೇಕು. ಈ ಪದ್ಧತಿಯ ಪಕ್ಕದಲ್ಲಿಯೇ ಮತ್ತೊಂದು ದಾರಿ ಕ್ರಮೇಣ ತೆರೆಯಿತು. 1886ರಲ್ಲಿ ಬರೋಡೆಯಲ್ಲಿ ಮೌಲಾ ಬಕ್ಷರ ಸಂಗೀತ ಶಾಲೆ ಆರಂಭವಾಯಿತು. 1901ರಲ್ಲಿ ವಿಷ್ಣು ದಿಗಂಬರ ಪಲುಸ್ಕರರು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿದರು. 1926ರಲ್ಲಿ ಭಾತಖಂಡೆಯವರ ಪ್ರಯತ್ನದಿಂದ ಲಖನೌದಲ್ಲಿ ಸಂಗೀತ ಕಾಲೇಜು ತಲೆಯೆತ್ತಿತು. ನಮ್ಮ ನಾಡಿನಲ್ಲಿ ಮೈಸೂರು ವಿಶ್ವವಿದ್ಯಾಲಯವು 1965ರಲ್ಲಿ ಸಂಗೀತ ಮತ್ತು ನೃತ್ಯದ ಕಾಲೇಜನ್ನು ಆರಂಭಿಸಿತು, ವಿದ್ವಾನ್ ವಿ. ರಾಮರತ್ನಂ ಅವರು ಅದರ ಮೊದಲ ಪ್ರಾಂಶುಪಾಲರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಹಿಂದೂಸ್ತಾನಿ ಸಂಗೀತ ನೆಲೆಗೊಂಡಿತು. ನಮಗೆ ಹತ್ತಿರದ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯಲ್ಲಿಯೂ ಪ್ರದರ್ಶನ ಕಲೆಗಳ ವಿಭಾಗವಿದೆ.

ಧಾರವಾಡದ ನಿದರ್ಶನವು ವಿಶೇಷವಾಗಿ ಗಮನಾರ್ಹವಾದುದು. ಅಲ್ಲಿನ ಸಂಗೀತ ವಿಭಾಗದೊಡನೆ ಸಂಬಂಧವಿದ್ದ ಮಲ್ಲಿಕಾರ್ಜುನ ಮನ್ಸೂರರಾಗಲಿ ಗಂಗೂಬಾಯಿ ಹಾನಗಲ್ಲರಾಗಲಿ ಪದವಿ ಪಡೆದವರಲ್ಲ. ಮನ್ಸೂರರು ನಾಟಕ ಮಂಡಳಿಯಲ್ಲಿ ಹಾಡುತ್ತಿದ್ದ ಹುಡುಗ; ಮುಂದೆ ನೀಲಕಂಠಬುವಾ ಮಿರಜಕರರಲ್ಲಿಯೂ, ಅನಂತರ ಮಂಜಿಖಾನ್ ಹಾಗೂ ಭುರ್ಜಿಖಾನರಲ್ಲಿಯೂ ಕಲಿತರು. ಗಂಗೂಬಾಯಿಯವರ ಶಾಲೆಯ ಓದು ಪ್ರಾಥಮಿಕ ಹಂತವನ್ನು ದಾಟಲಿಲ್ಲ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಹಾಡಿದಾಗ ಅವರು ಹನ್ನೊಂದು ವರ್ಷದ ಬಾಲಕಿ. ಜಾತಿಯ ಕಾರಣದಿಂದ ಅವಮಾನಗಳನ್ನು ನುಂಗಿ, ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಸವಾಯಿ ಗಂಧರ್ವರಲ್ಲಿ ಅಭ್ಯಾಸ ಮಾಡಿದರು. ಅಂತಹವರನ್ನು ವಿಶ್ವವಿದ್ಯಾಲಯವು ಗೌರವ ಪ್ರಾಧ್ಯಾಪಕಿಯನ್ನಾಗಿ ಬರಮಾಡಿಕೊಂಡಿತು. ಇಂದು ಮೈಸೂರಿನಲ್ಲಿರುವ ರಾಜ್ಯ ಸಂಗೀತ ವಿಶ್ವವಿದ್ಯಾಲಯವು ಅವರ ಹೆಸರನ್ನೇ ಹೊತ್ತಿದೆ. ಪದವಿಯಿಲ್ಲದ ವಿದ್ಯೆಗೆ ಪದವಿ ಕೊಡುವ ಸಂಸ್ಥೆಯೇ ತಲೆಬಾಗಿದ ಈ ಸಂಗತಿಯನ್ನು, ಮನೆಯಲ್ಲಿ ಮೊದಲಿಗನಾಗಿ ಪದವಿಯನ್ನು ಸಮೀಪಿಸುತ್ತಿರುವ ನಾನು ಮತ್ತೆ ಮತ್ತೆ ನೆನೆಯುತ್ತೇನೆ.

ಇನ್ನು ಇಂತಹ ವಿಭಾಗದೊಳಗೆ ನಡೆಯುವುದೇನು? ತರಗತಿಯಲ್ಲಿ ಶಾಸ್ತ್ರಭಾಗವಿರುತ್ತದೆ: ಎಪ್ಪತ್ತೆರಡು ಮೇಳಕರ್ತಗಳು, ತಾಳಗಳ ಅಂಗಗಳು, ವಾಗ್ಗೇಯಕಾರರ ಚರಿತ್ರೆ. ಪ್ರಯೋಗಭಾಗವೂ ಇರುತ್ತದೆ, ಅಧ್ಯಾಪಕರು ಹಾಡಿದುದನ್ನು ವಿದ್ಯಾರ್ಥಿಗಳು ಅನುಸರಿಸಿ ಹಾಡುತ್ತಾರೆ. ಆದರೆ ತೋಡಿಯೋ ಭೈರವಿಯೋ ಗಂಟೆ ಬಾರಿಸಿದೊಡನೆ ಮುಗಿಯುವ ಪಾಠವಲ್ಲ. ಈ ಕೊರತೆಯನ್ನು ತುಂಬತಕ್ಕದ್ದು ವಿದ್ಯಾರ್ಥಿಗಳ ಕಚೇರಿ. ಕಳೆದ ವರ್ಷ ಅಂತಹುದೊಂದನ್ನು ಕೇಳುವ ಸುಯೋಗ ನನಗೆ ಒದಗಿತ್ತು.

ವೇದಿಕೆಯೆಂದರೆ ಒಂದು ಜಮಖಾನೆ ಮಾತ್ರ. ಹಾಡುವವರೂ, ಪಿಟೀಲು ಮೃದಂಗಗಳವರೂ ವಿದ್ಯಾರ್ಥಿಗಳೇ. ಮೊದಲು ಕಂಠವನ್ನು ಹದಗೊಳಿಸುವ ವರ್ಣ. ಬಳಿಕ ಚಿಕ್ಕ ಕೃತಿಗಳು. ಅನಂತರ ಮುಖ್ಯ ರಾಗದ ಆಲಾಪನೆ, ಕೃತಿ, ನೆರವಲು, ಕಲ್ಪನಾಸ್ವರ. ಅದರ ಬೆನ್ನಿಗೆ ಮೃದಂಗದ ತನಿ ಆವರ್ತನ. ಕೊನೆಗೆ ದೇವರನಾಮ ಮತ್ತು ಮಂಗಳ. ಇಂದು ಸರ್ವತ್ರ ಕಾಣುವ ಈ ಕಚೇರಿಯ ಕ್ರಮವನ್ನು ರೂಢಿಗೆ ತಂದವರಲ್ಲಿ ಅರಿಯಕುಡಿ ರಾಮಾನುಜ ಅಯ್ಯಂಗಾರರು (1890–1967) ಪ್ರಮುಖರು. ಕಲ್ಪನಾಸ್ವರವು ಬಾಯಿಪಾಠಕ್ಕೆ ನಿಲುಕದ ವಸ್ತು. ಅಲ್ಲಿಯೇ ಹೊಳೆದ ಸ್ವರಗಳನ್ನು ಹೆಣೆದು, ಪಲ್ಲವಿಯು ಎದ್ದ ಸ್ಥಳಕ್ಕೆ ಒಂದಿಷ್ಟೂ ತಪ್ಪದೆ ಬಂದು ಸೇರಬೇಕು. ಹಾಡುತ್ತಿದ್ದ ತರುಣಿಯು ಒಮ್ಮೆ ಅರ್ಧ ಅಕ್ಷರ ಮುಂದಾಗಿ ಬಂದಳು. ಮುಂದಿನ ಸಾಲಿನಲ್ಲಿದ್ದ ಅಧ್ಯಾಪಕರು ಒಂದು ಮಾತನ್ನೂ ಆಡದೆ, ತೊಡೆಯ ಮೇಲೆ ತಾಳವನ್ನು ಕೊಂಚ ಗಟ್ಟಿಯಾಗಿ ತಟ್ಟಿದರು. ಎರಡನೆಯ ಆವರ್ತದಲ್ಲಿ ಅವಳು ಸರಿಯಾದ ಸ್ಥಳಕ್ಕೆ ಬಂದು ನಿಂತಳು, ಸಭೆಯೆಲ್ಲ ತಲೆದೂಗಿತು. ಗುರುಕುಲವು ವಿಶ್ವವಿದ್ಯಾಲಯದೊಳಗೆ ಇನ್ನೂ ಉಸಿರಾಡುತ್ತಿರುವುದು ಇಂತಹ ಕ್ಷಣದಲ್ಲಿಯೇ ಎಂದು ನನಗೆ ತೋರಿತು.

ಹಾಗಾದರೆ ಬಾಗಿಲು ತೆರೆಯಿತೆನ್ನೋಣವೆ? ತೆರೆದಿದೆ, ಆದರೆ ತಡವಾಗಿ ತೆರೆಯುತ್ತದೆ. ಅರ್ಜಿಯ ನಮೂನೆಯು ಯಾರ ಮಗ, ಯಾರ ಶಿಷ್ಯನೆಂದು ಕೇಳದಿರಬಹುದು. ಆದರೆ ಹತ್ತನೆಯ ವಯಸ್ಸಿನಲ್ಲಿ ಸರಳೆ ಜಂಟಿ ವರಸೆಗಳನ್ನು ಅಭ್ಯಾಸ ಮಾಡದ ಕಂಠವು ಇಪ್ಪತ್ತರಲ್ಲಿ ಆಲಾಪನೆಗೆ ಹೇಗೆ ಬಗ್ಗೀತು? ನಮ್ಮ ತಂದೆಯವರು ದೊಡ್ಡಬಳ್ಳಾಪುರದ ಸೀಮೆಯಲ್ಲಿ ಮಗ್ಗದ ಕೂಲಿಯವರು. ಹನ್ನೆರಡು ವರ್ಷದ ನನ್ನ ತಂಗಿಯು ಭಜನೆಯಲ್ಲಿ ಒಮ್ಮೆ ಕೇಳಿದ ಹಾಡನ್ನು ಶ್ರುತಿ ತಪ್ಪದೆ ಹಾಡುತ್ತಾಳೆ. ನಮ್ಮ ಹಳ್ಳಿಯಲ್ಲಿ ಪಾಠ ಹೇಳುವವರಿಲ್ಲ. ಬಸ್ಸಿಗೂ ಪಾಠಕ್ಕೂ ತೆರುವಷ್ಟು ಅನುಕೂಲವಿಲ್ಲ. “ಹಾಡು ಸರಿ ಕಣಪ್ಪ, ಅನ್ನಕ್ಕೇನು?” ಎಂದು ತಂದೆಯವರು ಕೇಳಿದರೆ ಅದನ್ನು ಅರಸಿಕತೆಯೆಂದು ತಳ್ಳಿಹಾಕುವಂತಿಲ್ಲ. ಸಂಗೀತ ಶಿಕ್ಷಕರ ಹುದ್ದೆ, ಆಕಾಶವಾಣಿಯ ಶ್ರೇಣೀಕೃತ ಕಲಾವಿದರ ಅವಕಾಶ, ಪಕ್ಕವಾದ್ಯದ ಸಂಪಾದನೆ ಇವೆಯೆಂದು ನಾನು ಹೇಳುತ್ತೇನೆ. ಆದರೆ ಶಿಕ್ಷಕರ ಹುದ್ದೆಯ ದಾರಿಯಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳ ಮೆಟ್ಟಿಲುಗಳಿವೆ. ನಮ್ಮ ಹಳ್ಳಿಗೆ ಮೊದಲನೆಯ ಮೆಟ್ಟಿಲೇ ದೂರ.

ಆದುದರಿಂದ ನಮ್ಮ ಅಧ್ಯಾಪಕವರ್ಗದಲ್ಲಿಯೂ ಸಹಪಾಠಿಗಳಲ್ಲಿಯೂ ನನ್ನದೊಂದು ಸವಿನಯ ಸೂಚನೆಯಿದೆ. ವಿಶ್ವವಿದ್ಯಾಲಯಗಳ ಸಂಗೀತ ವಿದ್ಯಾರ್ಥಿಗಳಿಗೆ ಹಾಡಲು ಸಭೆ ಬೇಕು. ನಮಗೆ ಕೇಳಲು ಸಂಗೀತ ಬೇಕು. ವರ್ಷಕ್ಕೆ ಎರಡು ಬಾರಿಯಾದರೂ ಅವರನ್ನು ನಮ್ಮ ಕಾಲೇಜಿಗೆ ಕರೆಸಿ, ಸುತ್ತಲ ಶಾಲೆಗಳ ಮಕ್ಕಳನ್ನೂ ಕೂರಿಸಿ, ಕಚೇರಿಯ ಒಂದೊಂದು ಭಾಗವನ್ನೂ ವಿವರಿಸುತ್ತ ಹಾಡಿಸಬಾರದೇಕೆ? ಅವರಲ್ಲೊಬ್ಬರು ಭಾನುವಾರಗಳಲ್ಲಿ ಬಂದು ಹತ್ತು ಮಕ್ಕಳಿಗೆ ಸ್ವರಪಾಠವನ್ನು ಹೇಳುವಂತಾದರೆ ಮತ್ತೂ ಒಳ್ಳೆಯದು. ಬೇಕಾಗುವುದು ಒಂದು ಕೊಠಡಿ, ಒಂದು ಜಮಖಾನೆ, ಒಂದು ಶ್ರುತಿಪೆಟ್ಟಿಗೆ, ಬಂದವರಿಗೆ ಬಸ್ಸಿನ ವೆಚ್ಚ ಮತ್ತು ಊಟ. ನಮ್ಮ ವಿದ್ಯಾರ್ಥಿ ಸಂಘವು ಮನಸ್ಸು ಮಾಡಿದರೆ ಇದು ಅಸಾಧ್ಯವೇನಲ್ಲ. ಈ ವರ್ಷ ನಾನು ಕಾಲೇಜನ್ನು ಬಿಡುತ್ತೇನೆ. ಆದರೂ ಮಕ್ಕಳನ್ನು ಕರೆತರುವ ಕೆಲಸವನ್ನು ಸಂತೋಷದಿಂದ ವಹಿಸಿಕೊಳ್ಳುತ್ತೇನೆ.