ಹಗ್ಗ ಬಿಚ್ಚಿದ್ರೆ ಓಡಿಹೋಗೋ ಮುಧೋಳ ನಾಯಿ: ಅಪಾಯ ಇಲ್ಲದೆ ಓಡಿಸೋದು ಹೇಗೆ?

ಮುಧೋಳ: ಹಗ್ಗ ಬಿಚ್ಚಿದ್ರೆ ನಾಯಿ ಹಿಂದೆ ತಿರುಗಿ ನೋಡೋದಿಲ್ಲ, ಎಷ್ಟು ಕರೆದ್ರೂ ಬರೋದಿಲ್ಲ. ಮುಧೋಳ ನಾಯಿ ಸಾಕಿದ ಬಹಳ ಮನೆಗಳಲ್ಲಿ ಕೇಳಿಬರೋ ದೂರು ಇದು. ಹೀಗಾಗಿ ಕೆಲವರು ನಾಯಿಯನ್ನ ದಿನವಿಡೀ ಸರಪಳಿಯಲ್ಲೇ ಕಟ್ಟಿ ಹಾಕ್ತಾರೆ. ಇನ್ನು ಕೆಲವರು ನಸುಕಿನಲ್ಲಿ ಗೇಟ್ ತೆಗೆದು ಬಿಟ್ಟುಬಿಡ್ತಾರೆ, ಹಸಿವಾದ್ರೆ ತಾನೇ ಬರುತ್ತೆ ಅಂತ.

ಎರಡೂ ತಪ್ಪು. ಕಟ್ಟಿದ್ದಲ್ಲೇ ಇರೋ ನಾಯಿ ಸಿಟ್ಟಿನ ನಾಯಿ ಆಗುತ್ತೆ, ಒಂದು ದಿನ ಕೊಂಡಿ ಕಳಚಿದ್ರೆ ಇನ್ನೂ ಜೋರಾಗಿ ಓಡುತ್ತೆ. ಬಿಟ್ಟ ನಾಯಿ ಯಾವ ಲಾರಿಗೆ ಸಿಗುತ್ತೋ, ಯಾರ ಆಡಿನ ಮರಿ ಹಿಡಿಯುತ್ತೋ, ಯಾವ ಬೈಕಿಗೆ ಅಡ್ಡ ಬರುತ್ತೋ ಗೊತ್ತಾಗೋದಿಲ್ಲ. ಇವೆರಡರ ನಡುವೆ ಇನ್ನೊಂದು ದಾರಿ ಇದೆ. ಅದಕ್ಕೆ ಕೆಲವು ತಿಂಗಳ ತಾಳ್ಮೆ, ಒಂದು ಉದ್ದನೆಯ ಹಗ್ಗ, ಒಂದು ಗಟ್ಟಿ ಬೇಲಿ ಬೇಕು.

ಕರೆದ್ರೆ ಯಾಕೆ ಬರೋದಿಲ್ಲ?

ಮೊದಲು ನಾಯಿ ಎಂಥದ್ದು ಅಂತ ತಿಳಿಯಬೇಕು. ಮುಧೋಳ ನಾಯಿ ಕಣ್ಣಿನಿಂದ ಬೇಟೆ ಆಡೋ ತಳಿ. ನೆಲ ಮೂಸುತ್ತಾ ನಿಧಾನಕ್ಕೆ ಹುಡುಕೋ ನಾಯಿಗಳ ಥರ ಅಲ್ಲ. ದೂರದಲ್ಲಿ ಏನೋ ಓಡಿದ್ದು ಕಂಡ್ರೆ ಸಾಕು, ಕಾಲು ಹೊರಟಾಯ್ತು. ಉದ್ದ ಕಾಲು, ಆಳವಾದ ಎದೆ, ಒಳಗೆ ಸೇರಿಕೊಂಡ ಹೊಟ್ಟೆ, ಎಲ್ಲವೂ ಓಟಕ್ಕೇ ಹೇಳಿ ಮಾಡಿಸಿದ ಹಾಗಿದೆ. ಗಂಡು ನಾಯಿ ಭುಜದ ಹತ್ತಿರ ಸುಮಾರು 27-28 ಇಂಚು ಎತ್ತರ ಬೆಳೆಯುತ್ತೆ.

ಮುಧೋಳ ಸಂಸ್ಥಾನದ ಘೋರ್ಪಡೆ ಮನೆತನ ಈ ತಳಿಯನ್ನ ಬೆಳೆಸಿದ್ದೇ ಬೇಟೆಗಾಗಿ. 2005ರಲ್ಲಿ ಅಂಚೆ ಇಲಾಖೆ ಇದರ ಚೀಟಿ ತಂದಿತು. ಆಮೇಲೆ ಸೇನೆಯವರೂ ಮರಿಗಳನ್ನ ತರಬೇತಿಗೆ ಒಯ್ದರು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ‘ಮನ್ ಕಿ ಬಾತ್’ನಲ್ಲಿ ಹೆಸರು ಹೇಳಿದ ಮೇಲಂತೂ ಊರೂರಿನಲ್ಲಿ ಗೊತ್ತಾಯ್ತು. ಹೆಸರು ಬಂತು, ಆದ್ರೆ ಓಡೋ ಸ್ವಭಾವ ಹಾಗೇ ಇದೆ. ಎರಡು ಸೈಟಿನ ಮನೆಯಲ್ಲಿ ಕಟ್ಟಿದ್ರೂ ಅದರ ರಕ್ತದಲ್ಲಿರೋದು ಹೊಲದ ಓಟವೇ.

ಒಂದು ಲೆಕ್ಕ ನೋಡಿ. ಗಂಟೆಗೆ 40 ಕಿ.ಮೀ. ವೇಗ ಅಂದ್ರೆ ಸೆಕೆಂಡಿಗೆ 11 ಮೀಟರ್. ನೀವು ಎರಡು ಸಲ ಹೆಸರು ಕೂಗೋದ್ರೊಳಗೆ ನಾಯಿ 50 ಮೀಟರ್ ದಾಟಿರುತ್ತೆ. ಆ ಹೊತ್ತಿಗೆ ಅದರ ಗಮನವೆಲ್ಲ ಮುಂದೆ ಓಡ್ತಿರೋ ಮೊಲ ಅಥವಾ ಬೆಕ್ಕಿನ ಮೇಲೆ. ಅದು ಹಟ ಮಾಡ್ತಿಲ್ಲ, ನಿಮ್ಮ ಮಾತು ಅದರ ತಲೆಗೆ ಹೋಗ್ತಾನೇ ಇಲ್ಲ. ವಾಪಸ್ ಬಂದ ಮೇಲೆ ಹೊಡೆದ್ರೆ ಅದು ಕಲಿಯೋ ಪಾಠ ಒಂದೇ: ಮನೆಯವರ ಹತ್ತಿರ ಬಂದ್ರೆ ಏಟು ಬೀಳುತ್ತೆ. ಮುಂದಿನ ಸಲ ಇನ್ನೂ ತಡವಾಗಿ ಬರುತ್ತೆ.

ಮೊದಲು ಕೊರಳಿನ ಪಟ್ಟಿ ನೋಡಿ

ಈ ತಳಿಯ ತಲೆ ಸಣ್ಣ, ಕುತ್ತಿಗೆ ಉದ್ದ. ಸಾಮಾನ್ಯ ಬೆಲ್ಟ್ ಹಾಕಿದ್ರೆ ಹಿಂದಕ್ಕೆ ಒಂದು ಜಗ್ಗು ಜಗ್ಗಿ ತಲೆ ಕಳಚಿಕೊಂಡು ಹೋಗುತ್ತೆ. ಅದಕ್ಕೇ ಮಾರ್ಟಿಂಗೇಲ್ ಕಾಲರ್ ಅಂತ ಬರುತ್ತೆ. ನಾಯಿ ಹಿಂದೆ ಜಗ್ಗಿದಾಗ ಅದು ಸ್ವಲ್ಪ ಮಾತ್ರ ಬಿಗಿಯಾಗುತ್ತೆ, ತಲೆ ಕಳಚೋದಿಲ್ಲ, ಉಸಿರೂ ಕಟ್ಟೋದಿಲ್ಲ. ಅಗಲವಾದ ಪಟ್ಟಿ ಇರೋದನ್ನ ತಗೊಳ್ಳಿ.

ಉದ್ದ ಹಗ್ಗಕ್ಕೆ ಮಾತ್ರ ಕೊರಳಿನ ಪಟ್ಟಿ ಬೇಡ. ಓಡ್ತಿರೋ ನಾಯಿ ಹಗ್ಗದ ತುದಿಗೆ ಬಂದು ಒಮ್ಮೆಲೇ ನಿಂತ್ರೆ ಇಡೀ ಪೆಟ್ಟು ಕುತ್ತಿಗೆಗೆ ಬೀಳುತ್ತೆ. ಎದೆಗೆ ಹಾಕೋ ಪಟ್ಟಿ, ಅಂಗಡಿಯಲ್ಲಿ ಹಾರ್ನೆಸ್ ಅಂತ ಕೇಳಿ, ಅದೇ ಸರಿ. ಎರಡು ಬೆರಳು ಮಾತ್ರ ಒಳಗೆ ಹೋಗೋ ಅಷ್ಟು ಬಿಗಿ ಇರಲಿ.

ಕಾಲರಿನ ಮೇಲೆ ನಿಮ್ಮ ಮೊಬೈಲ್ ನಂಬರ್ ಇರಲೇಬೇಕು. ತಗಡಿನ ಬಿಲ್ಲೆ ಮೇಲೆ ಕೆತ್ತಿಸಿ, ಇಲ್ಲಾಂದ್ರೆ ಅಳಿಸಿಹೋಗದ ಪೆನ್ನಿನಿಂದ ಪಟ್ಟಿಯ ಮೇಲೇ ಬರೆಯಿರಿ. ಸಿಮ್ ಹಾಕೋ ಜಿಪಿಎಸ್ ಯಂತ್ರ ನೆಟ್‌ವರ್ಕ್ ಇರೋ ಕಡೆ ಉಪಯೋಗಕ್ಕೆ ಬರುತ್ತೆ. ಅಗ್ಗದ ಬ್ಲೂಟೂತ್ ಟ್ಯಾಗ್ ಹತ್ತಿರದಲ್ಲಿ ಬೇರೆ ಫೋನ್‌ಗಳಿದ್ರೆ ಮಾತ್ರ ತೋರಿಸುತ್ತೆ. ಕಬ್ಬಿನ ಹೊಲದ ನಡುವೆ ಅದನ್ನ ನಂಬಿಕೊಂಡು ಕೂರಬೇಡಿ.

"ಬಾ" ಅನ್ನೋ ಮಾತಿಗೆ ಬೆಲೆ ತರೋದು

ಕರೆಯೋ ಪಾಠ ಹೊಲದಲ್ಲಿ ಶುರುವಾಗೋದಿಲ್ಲ, ಅಡುಗೆಮನೆ ಬಾಗಿಲಲ್ಲಿ ಶುರುವಾಗುತ್ತೆ. ಕ್ರಮ ಹೀಗಿದೆ:

1. ಒಂದೇ ಶಬ್ದ ಆರಿಸಿಕೊಳ್ಳಿ. "ಬಾ" ಅಂದ್ರೆ ಬಾ. ಮನೆಯಲ್ಲಿ ಒಬ್ಬರು ಬಾ, ಒಬ್ಬರು ಇಲ್ ಬಾರಲೇ, ಮಕ್ಕಳು ಕಮ್ ಅಂದ್ರೆ ನಾಯಿಗೆ ಗೊಂದಲ. ಸೀಟಿ ಆದ್ರೆ ಇನ್ನೂ ಒಳ್ಳೇದು, ದೂರ ಕೇಳುತ್ತೆ, ಯಾರು ಊದಿದ್ರೂ ಒಂದೇ ದನಿ.

2. ಎರಡು ಹೆಜ್ಜೆ ದೂರದಿಂದ ಕರೆಯಿರಿ. ಬಂದ ತಕ್ಷಣ ರುಚಿಯಾದ ಒಂದು ಚೂರು ಕೊಡಿ. ದಿನದ ರೊಟ್ಟಿ ಹಾಲು ಬೇಡ; ಬೇಯಿಸಿದ ಕೋಳಿ ಲಿವರ್, ಮೊಟ್ಟೆ ಚೂರು, ಹೀಗೆ ಬೇರೆ ಹೊತ್ತಿನಲ್ಲಿ ಸಿಗದೇ ಇರೋದನ್ನ ಕೊಡಿ. ಈರುಳ್ಳಿ, ಚಾಕೊಲೇಟ್, ದ್ರಾಕ್ಷಿ ನಾಯಿಗೆ ವಿಷ, ಕೊಡಲೇಬೇಡಿ.

3. ಮನೆಯಲ್ಲಿ ಹತ್ತಕ್ಕೆ ಒಂಬತ್ತು ಸಲ ಬಂದ ಮೇಲೆ ಹಿತ್ತಲು. ಹಿತ್ತಲಲ್ಲಿ ಬಂದ ಮೇಲೆ ಖಾಲಿ ಓಣಿ. ಆಮೇಲೆ ಹೊಲ. ಒಂದು ಮೆಟ್ಟಿಲಲ್ಲಿ ತಪ್ಪಿದ್ರೆ ಹಿಂದಿನ ಮೆಟ್ಟಿಲಿಗೆ ವಾಪಸ್.

4. ಕರೆದು, ತಿನ್ನಿಸಿ, ಮತ್ತೆ ಆಡೋಕೆ ಬಿಡಿ. ಇದನ್ನೇ ಹೆಚ್ಚಿನವರು ಮಾಡೋದಿಲ್ಲ. ಕರೆದಾಗಲೆಲ್ಲ ಸರಪಳಿ ಹಾಕಿ ಮನೆಗೆ ಒಯ್ದ್ರೆ, ಕರೆ ಅಂದ್ರೆ ಆಟ ಮುಗಿಯೋ ಗಂಟೆ ಅಂತ ನಾಯಿ ತಿಳ್ಕೊಳ್ಳುತ್ತೆ. ಹತ್ತು ಸಲ ಕರೆದ್ರೆ ಎಂಟು ಸಲ ವಾಪಸ್ ಆಟಕ್ಕೆ ಬಿಡಬೇಕು.

5. ಸ್ನಾನ, ಇಂಜೆಕ್ಷನ್, ಬೈಗುಳಕ್ಕೆ ಆ ಶಬ್ದ ಬಳಸಬೇಡಿ. ಅಂಥ ಕೆಲಸ ಇದ್ರೆ ನೀವೇ ಹೋಗಿ ಹಿಡ್ಕೊಂಡು ಬನ್ನಿ.

ಉದ್ದ ಹಗ್ಗದ ಹಂತ

ಓಣಿ ದಾಟಿ ಹೊಲಕ್ಕೆ ಬಂದಾಗ 10 ಮೀಟರ್, ಅಂದ್ರೆ ಸುಮಾರು 30 ಅಡಿ ಹಗ್ಗ ಬೇಕು. ತೆಳ್ಳನೆ ನೈಲಾನ್ ದಾರ ಬೇಡ, ಅಂಗೈ ಸುಟ್ಟು ಸಿಪ್ಪೆ ಕಿತ್ತುಬರುತ್ತೆ. ದಪ್ಪ ನೂಲಿನ ಹಗ್ಗ ಅಥವಾ ಚಪ್ಪಟೆ ಪಟ್ಟಿ ಒಳ್ಳೇದು. ತುದಿಯಲ್ಲಿ ಕೈ ಹಾಕೋ ಕುಣಿಕೆ ಇದ್ರೆ ಕತ್ತರಿಸಿ, ಅದು ಗಿಡಕ್ಕೆ ಸಿಕ್ಕಿಕೊಳ್ಳುತ್ತೆ. ಹಗ್ಗವನ್ನ ಕೈಗೆ ಸುತ್ತಿಕೊಳ್ಳಬೇಡಿ, 25 ಕಿಲೋ ನಾಯಿ ಒಮ್ಮೆಲೇ ಜಗ್ಗಿದ್ರೆ ಬೆರಳು ಮುರಿಯುತ್ತೆ.

ಹಗ್ಗ ನೆಲದ ಮೇಲೆ ಎಳೆದಾಡಲಿ. ನಾಯಿ ದೂರ ಹೋಗೋಕೆ ಶುರು ಮಾಡಿದಾಗಲೇ ಕರೆಯಿರಿ. ಬರಲಿಲ್ಲ ಅಂದ್ರೆ ಹಗ್ಗದ ಮೇಲೆ ಕಾಲಿಡಿ, ಜಗ್ಗಬೇಡಿ, ನಿಂತು ಕಾಯಿರಿ. ತಿರುಗಿ ನೋಡಿದ ಕ್ಷಣ ಹೊಗಳಿ, ನೀವು ಹಿಂದಕ್ಕೆ ಓಡಿ. ನಾಯಿಗೆ ಓಡೋದರ ಹಿಂದೆ ಓಡೋ ಚಟ. ನೀವು ಅದರ ಹಿಂದೆ ಓಡಿದ್ರೆ ಆಟ ಅಂತ ಇನ್ನೂ ಮುಂದೆ ಹೋಗುತ್ತೆ, ನೀವು ಎದುರು ದಿಕ್ಕಿಗೆ ಓಡಿದ್ರೆ ನಿಮ್ಮ ಹಿಂದೆ ಬರುತ್ತೆ.

ಈ ಹಗ್ಗ ಇರೋದು ಕಲಿಸೋಕೆ. ಪೂರ್ತಿ ವೇಗದ ಓಟಕ್ಕೆ ಅಲ್ಲ. ಆ ಓಟಕ್ಕೆ ಬೇಲಿ ಬೇಕು.

ಎಲ್ಲಿ ಬಿಡಬಹುದು, ಎಲ್ಲಿ ಬಿಡಬಾರದು

ದೊಡ್ಡ ನಗರಗಳಲ್ಲಿ ನಾಯಿಗಳಿಗಂತಲೇ ಬೇಲಿ ಹಾಕಿದ ಪಾರ್ಕ್‌ಗಳಿವೆ. ಈ ಭಾಗದಲ್ಲಿ ಆ ಕೆಲಸಕ್ಕೆ ಬರೋದು ಕಾಂಪೌಂಡ್ ಇರೋ ಖಾಲಿ ಸೈಟ್, ಜಾಲರಿ ಹಾಕಿದ ದಾಳಿಂಬೆ ತೋಟ, ಬಾಗಿಲು ಭದ್ರ ಇರೋ ಗೋದಾಮಿನ ಅಂಗಳ. ಮಾಲೀಕರನ್ನ ಕೇಳಿ, ಬೆಳಗ್ಗೆ ಅರ್ಧ ತಾಸು ಸಾಕು. ಬೇಲಿ 6 ಅಡಿ ಇರಬೇಕು. 4 ಅಡಿ ಗೋಡೆ ಈ ನಾಯಿಗೆ ಲೆಕ್ಕಕ್ಕೇ ಇಲ್ಲ. ಬಿಡೋ ಮುಂಚೆ ಒಂದು ಸುತ್ತು ನಡೆದು ಜಾಲರಿ ಕೆಳಗೆ ಸಂದು ಇದೆಯಾ, ಗೋಡೆಗೆ ಒತ್ತಿ ಇಟ್ಟಿಗೆ ರಾಶಿ ಇದೆಯಾ, ಗೇಟಿನ ಚಿಲಕ ಸರಿ ಇದೆಯಾ ನೋಡಿ.

ಬಿಡಬಾರದ ಜಾಗಗಳೂ ಗೊತ್ತಿರಲಿ:

- ಎದ್ದು ನಿಂತ ಕಬ್ಬಿನ ಪಕ್ಕ. ಒಳಗೆ ಹೊಕ್ಕ ನಾಯಿ ನಿಮಗೆ ಕಾಣೋದಿಲ್ಲ, ನೀವು ಅದಕ್ಕೆ ಕಾಣೋದಿಲ್ಲ. ಹಂದಿಗೆ ಅಂತ ಇಟ್ಟ ಉರುಲು, ವಿಷ, ಕರೆಂಟ್ ತಂತಿ ಒಳಗಿರಬಹುದು.
- ಕಟ್ಟೆ ಇಲ್ಲದ ಬಾವಿ, ಕಾಲುವೆ, ಘಟಪ್ರಭೆಯ ದಂಡೆ. ಕಾಂಕ್ರೀಟ್ ಕಾಲುವೆಗೆ ಬಿದ್ದ ನಾಯಿ ಈಜಿದ್ರೂ ಮೇಲೆ ಹತ್ತೋಕೆ ಆಗೋದಿಲ್ಲ.
- ಜಮಖಂಡಿ, ಲೋಕಾಪುರ ರಸ್ತೆಗಳ ಬದಿ. ಕಬ್ಬು ನುರಿಸೋ ಸೀಜನ್‌ನಲ್ಲಿ ಎರಡು ಟ್ರೇಲರ್ ಜಗ್ಗೋ ಟ್ರ್ಯಾಕ್ಟರ್ ಬ್ರೇಕ್ ಹಾಕಿದ ತಕ್ಷಣ ನಿಲ್ಲೋದಿಲ್ಲ.
- ಕುರಿ ಹಟ್ಟಿ, ಕೋಳಿ ಗೂಡು ಇರೋ ಕಡೆ. ಬೇಟೆ ನಾಯಿಗೆ ಓಡೋ ಕೋಳಿಗೂ ಮೊಲಕ್ಕೂ ವ್ಯತ್ಯಾಸ ಗೊತ್ತಿಲ್ಲ.

ಹೊತ್ತೂ ಮುಖ್ಯ. ಬೇಸಿಗೆಯಲ್ಲಿ ಬೆಳಗ್ಗೆ 7ರೊಳಗೆ ಮುಗಿಸಿ. ಡಾಂಬರಿನ ಮೇಲೆ ನಿಮ್ಮ ಅಂಗೈ ಹಿಂಭಾಗ 5 ಸೆಕೆಂಡ್ ಇಡೋಕೆ ಆಗದಿದ್ರೆ ನಾಯಿಯ ಪಾದಕ್ಕೂ ಆಗೋದಿಲ್ಲ. ಊಟ ಆಗಿ ಎರಡು ತಾಸಿನೊಳಗೆ ಓಡಿಸಬೇಡಿ. ಆಳ ಎದೆಯ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳೋ ಅಪಾಯ ಇದೆ, ಅದು ಪ್ರಾಣಕ್ಕೇ ಬರುತ್ತೆ. ಓಟದ ನಂತರ ನೀರು ಸ್ವಲ್ಪ ಸ್ವಲ್ಪವಾಗಿ ಕೊಡಿ.

ಬೆದೆಗೆ ಬಂದ ಹೆಣ್ಣು ನಾಯಿಯನ್ನ ಆ ಮೂರು ವಾರ ಬಿಡಲೇಬಾರದು. ಗಂಡು ನಾಯಿ ಹೆಣ್ಣಿನ ವಾಸನೆಗೆ ಓಡೋದಾದ್ರೆ ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಅಲೆದಾಟ ಕಡಿಮೆ ಆಗುತ್ತೆ. ಆದ್ರೆ ಮೊಲದ ಹಿಂದೆ ಓಡೋದು ಅದರಿಂದ ನಿಲ್ಲೋದಿಲ್ಲ.

ಕಾನೂನು ಏನು ಹೇಳುತ್ತೆ?

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ ನಾಯಿಯನ್ನ ತೀರಾ ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ತುಂಬಾ ಹೊತ್ತು ಕಟ್ಟೋದು ಅಪರಾಧ. ಸದಾ ಕಟ್ಟಿ ಹಾಕಿದ ನಾಯಿಗೆ ವ್ಯಾಯಾಮ ಕೊಡದೆ ಇರೋದೂ ಅಪರಾಧವೇ. ಅಂದ್ರೆ ಓಡಿಸೋದು ಮಾಲೀಕರ ಹೊಣೆ.

ಹಾಗಂತ ಬೀದಿಗೆ ಬಿಡೋ ಹಾಗೂ ಇಲ್ಲ. ಸಾಕಿದ ಪ್ರಾಣಿಯಿಂದ ಜನರ ಜೀವಕ್ಕೆ ಅಥವಾ ತೀವ್ರ ಗಾಯಕ್ಕೆ ಅಪಾಯ ಆಗದಂತೆ ನೋಡಿಕೊಳ್ಳದಿದ್ರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಅಡಿ 6 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಮೊಲ ಹಿಡಿಸೋಕೆ ಅಂತ ನಾಯಿ ಬಿಟ್ರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಬೇಟೆ.

ರೇಬೀಸ್ ಲಸಿಕೆ ಇಲ್ಲದ ನಾಯಿಯನ್ನ ಹೊರಗೆ ಬಿಡೋ ಯೋಚನೆಯೇ ಬೇಡ. ಮರಿಗೆ 3 ತಿಂಗಳಾದಾಗ ಮೊದಲ ಡೋಸ್, ಆಮೇಲೆ ಪಶು ವೈದ್ಯರು ಹೇಳಿದಂತೆ ಪ್ರತಿ ವರ್ಷ. ಯಾರಿಗಾದ್ರೂ ಕಚ್ಚಿದ್ರೆ ಅಥವಾ ಪರಚಿದ್ರೆ ಹರಿಯೋ ನೀರು, ಸೋಪಿನಿಂದ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಬೇಕು. ಅರಿಶಿಣ, ಸುಣ್ಣ, ಖಾರದ ಪುಡಿ ಹಚ್ಚಬಾರದು.

ತಪ್ಪಿಸಿಕೊಂಡ್ರೆ ಏನು ಮಾಡ್ಬೇಕು?

ಬೈಕ್ ಹತ್ತಿ ಬೆನ್ನಟ್ಟಬೇಡಿ. ನಾಯಿ ಎಲ್ಲಿಂದ ಓಡಿತೋ ಅಲ್ಲೇ ಒಬ್ಬರು ನಿಲ್ಲಿ, ಬಹಳ ನಾಯಿಗಳು ಅದೇ ಜಾಗಕ್ಕೆ ತಿರುಗಿ ಬರುತ್ತವೆ. ನೀವು ಉಟ್ಟ ಹಳೇ ಬಟ್ಟೆ, ಅದರ ಗೋಣಿಚೀಲ, ನೀರು ಅಲ್ಲಿ ಇಡಿ. ಈಗಿನ ಫೋಟೋ, ಕಳೆದ ಜಾಗ, ನಂಬರ್ ಹಾಕಿ ಓಣಿಯ ವಾಟ್ಸಾಪ್ ಗ್ರೂಪಿಗೆ ಕಳಿಸಿ. ನಸುಕಿನಲ್ಲಿ ಓಡಾಡೋ ಹಾಲಿನವರು, ಪೇಪರ್ ಹುಡುಗರಿಗೆ ಮೊದಲು ಹೇಳಿ. ರಾತ್ರಿ ಮತ್ತು ನಸುಕಿನಲ್ಲಿ ಸದ್ದು ಕಡಿಮೆ ಇರೋವಾಗ ಸೀಟಿ ಊದಿ ಹುಡುಕಿ.

ಅಂಗಡಿಯವರು ನೋಡಿದ್ರೆ

ಕಾಲರ್ ಇರೋ ನಾಯಿ ಬಾಲ ಮುದುರಿಕೊಂಡು ರಸ್ತೆಯಲ್ಲಿ ಓಡ್ತಿದ್ರೆ ಅದು ದಾರಿ ತಪ್ಪಿದ ನಾಯಿ. ಕಲ್ಲು ಎಸೆಯಬೇಡಿ, ನಾಲ್ಕು ಜನ ಸೇರಿ ಕೂಗಬೇಡಿ. ಹೆದರಿ ನೇರ ಗಾಡಿಗಳ ಮಧ್ಯೆ ನುಗ್ಗುತ್ತೆ. ಅದರ ಕಣ್ಣು ದಿಟ್ಟಿಸದೆ ಪಕ್ಕಕ್ಕೆ ತಿರುಗಿ ಕೂತು ಬ್ರೆಡ್ಡೋ ಬಿಸ್ಕಿಟ್ಟೋ ಎಸೆಯಿರಿ. ಗೋದಾಮಿನ ಅಂಗಳದ ಒಳಗೆ ಬಂದ್ರೆ ಗೇಟ್ ಮುಚ್ಚಿ, ದೂರದಿಂದಲೇ ನಂಬರ್ ಓದಿ ಫೋನ್ ಮಾಡಿ. ಗುರುಗುಟ್ಟೋ ನಾಯಿಗೆ ಕೈ ಹಾಕಬೇಡಿ.

ಕೊನೆಗೆ ಒಂದು ಮಾತು. ಎಷ್ಟೇ ಕಲಿಸಿದ್ರೂ ಕೆಲವು ಮುಧೋಳ ನಾಯಿಗಳು ಬಯಲಿನಲ್ಲಿ ಮೊಲ ಕಂಡ್ರೆ ನಿಲ್ಲೋದಿಲ್ಲ. ಅಂಥ ನಾಯಿಗೆ ಬಯಲಿನಲ್ಲಿ ಹಗ್ಗ, ಬೇಲಿಯೊಳಗೆ ಮಾತ್ರ ಬಿಡುಗಡೆ, ಜೀವನಪೂರ್ತಿ. ಇದರಲ್ಲಿ ನಾಚಿಕೆ ಪಡೋದು ಏನಿಲ್ಲ. ಮರಿ ತರೋ ಯೋಚನೆ ಇರೋರು ಮೊದಲೇ ಓಡಿಸೋ ಜಾಗ ಹುಡುಕಿಕೊಳ್ಳಿ. ತಳಿಯ ಬಗ್ಗೆ ತಿಮ್ಮಾಪುರದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರದಲ್ಲಿ, ಲಸಿಕೆ ಮತ್ತು ಶಸ್ತ್ರಚಿಕಿತ್ಸೆ ಬಗ್ಗೆ ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ವಿಚಾರಿಸಬಹುದು.